ಸ್ತ್ರೀರಾಜ್ಯದ ಪ್ರಮೀಳೆ: ಬಿಲ್ಲು ಹಿಡಿದವಳು ನಾಯಕಿಯೂ ಹೌದೇ?

ಮಲೆನಾಡ ಓದುಗಿ ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನಾನು ಮೂರು ಸಂಪುಟಗಳ ಒಂದು ಕಲ್ಪನಾಕಥಾನಕವನ್ನು ಬರೆಯುತ್ತಿದ್ದೇನೆ. ಅದರ ಕೇಂದ್ರದಲ್ಲಿ ಇರುವವಳು ಸ್ತ್ರೀರಾಜ್ಯದ ಪ್ರಮೀಳೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಶಾಲೆಯ ಪಠ್ಯದಲ್ಲಿ ಹತ್ತಾರು ಪದ್ಯಗಳಷ್ಟೇ ಓದಿದವರಿಗೆ ಚಂದ್ರಹಾಸನೋ, ಸುಧನ್ವನನ್ನು ಇಳಿಸಿದ ಕುದಿಯುವ ಎಣ್ಣೆಯ ಕೊಪ್ಪರಿಗೆಯೋ ನೆನಪಿರುತ್ತದೆಯೇ ಹೊರತು ಪ್ರಮೀಳೆ ನೆನಪಿರುವುದು ಕಡಿಮೆ. ಆದ್ದರಿಂದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಧರ್ಮರಾಯನ ಅಶ್ವಮೇಧದ ಕುದುರೆ ಹಂಸಧ್ವಜನ ಚಂಪಕಾಪುರಿಯನ್ನು ದಾಟಿದ ಮೇಲೆ ಒಂದು ಕೊಳಕ್ಕಿಳಿದು ಹೆಣ್ಣುಕುದುರೆಯಾಗಿ, ಇನ್ನೊಂದು ಕೊಳದಲ್ಲಿ ಹುಲಿಯಾಗಿ, ಮತ್ತೆ ಮೊದಲಿನ ರೂಪ ಪಡೆದು, ಗಂಡಸರೇ ಇಲ್ಲದ ನಾಡೊಂದನ್ನು ಹೊಗುತ್ತದೆ. ಆ ನಾಡಿನ ಒಡತಿ ಪ್ರಮೀಳೆ ಕುದುರೆಯನ್ನು ಕಟ್ಟಿಸುತ್ತಾಳೆ. ಬೆನ್ನಟ್ಟಿ ಬಂದ ಅರ್ಜುನನ ಎದುರಿಗೆ ಆನೆ, ಕುದುರೆ, ರಥಗಳನ್ನೇರಿದ ಹೆಣ್ಣುಸೈನ್ಯ ನಿಲ್ಲುತ್ತದೆ. ತನ್ನನ್ನು ವರಿಸು, ಇಲ್ಲವೇ ಯುದ್ಧ ಮಾಡು ಎಂದು ಅವಳು ಕೇಳುತ್ತಾಳೆ. ಅವನು ಒಪ್ಪುವುದಿಲ್ಲ, ಯುದ್ಧವಾಗುತ್ತದೆ. ಅರ್ಜುನನ ಕೈ ಸಾಗದೆ ಇರುವಾಗ ಅಶರೀರವಾಣಿಯೊಂದು, ಇವಳನ್ನು ಕೊಲ್ಲುವ ಸಾಹಸಕ್ಕೆ ಹೋಗಬೇಡ, ಮದುವೆಯಾಗು ಎಂದು ಹೇಳುತ್ತದೆ. ಅವನು ಒಪ್ಪಿಕೊಂಡು, ತಾನು ಯಾಗದ ವ್ರತದಲ್ಲಿರುವುದರಿಂದ ಅವಳನ್ನು ಹಸ್ತಿನಾವತಿಗೆ ಕಳುಹಿಸುತ್ತಾನೆ. ಕುದುರೆ ಮುಂದಿನ ನಾಡಿಗೆ ಹೋಗುತ್ತದೆ. ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿ ಈ ಪ್ರಸಂಗವೇ ಇಲ್ಲ. ಇದು ಜೈಮಿನಿಯ ಪರಂಪರೆಯದು.

ನನ್ನ ಕಷ್ಟ ಇಷ್ಟು. ಮೊದಲ ಸಂಪುಟದ ಕರಡನ್ನು ನಾಲ್ಕು ಮಂದಿ ಗೆಳತಿಯರಿಗೆ ಓದಲು ಕೊಟ್ಟಿದ್ದೆ. ಒಬ್ಬರು, ನಿಮ್ಮ ಪ್ರಮೀಳೆ ಸೀರೆಯುಟ್ಟ ಅರ್ಜುನನಂತಿದ್ದಾಳೆ ಎಂದರು. ಇನ್ನೊಬ್ಬರು, ಅವಳು ಗೋಡೆಯ ಮೇಲಿನ ದುರ್ಗೆಯ ಪಟದಂತಿದ್ದಾಳೆ, ಅವಳಿಗೆ ಹಸಿವಾಗುವುದಿಲ್ಲ, ಹೆದರಿಕೆಯಾಗುವುದಿಲ್ಲ, ಅವಳು ಯಾರ ಮಾತನ್ನೂ ಕೇಳುವುದಿಲ್ಲ ಎಂದರು. ಎರಡೂ ಮಾತುಗಳು ನನಗೆ ನೋವು ಕೊಟ್ಟವು, ಏಕೆಂದರೆ ಎರಡೂ ನಿಜವಾಗಿದ್ದವು. ಹದಿನೈದು ಅಧ್ಯಾಯಗಳಲ್ಲಿ ನನ್ನ ಪ್ರಮೀಳೆ ಒಂಬತ್ತು ಬಾರಿ ಯುದ್ಧ ಮಾಡುತ್ತಾಳೆ. ಒಂದು ಬಾರಿಯೂ ಕೂತು ಯೋಚಿಸಿ ಒಂದು ಆಜ್ಞೆಯನ್ನು ಕೊಡುವುದಿಲ್ಲ. ಇದನ್ನು ನಾನೇ ಎಣಿಸಿ ನೋಡಿದಾಗ ಎರಡು ವಾರ ಬರೆಯುವುದಕ್ಕೆ ಮನಸ್ಸಾಗಲಿಲ್ಲ.

ಆದ್ದರಿಂದ ಬಲ್ಲವರನ್ನು ಕೇಳುತ್ತೇನೆ. ಪ್ರಮೀಳೆಯನ್ನು ವೀರಳೆಂದು ಮಾತ್ರ ಅಲ್ಲ, ನಾಯಕಿಯೆಂದು ನಂಬುವಂತೆ ಮಾಡುವುದು ಹೇಗೆ? ಆಕಾಶದಿಂದ ಬಂದ ಒಂದು ಮಾತಿಗೆ ಬಿಲ್ಲು ಇಳಿಸಿ, ನಾಡನ್ನೇ ಬಿಟ್ಟು ಹೊರಡುವವಳನ್ನು ನಾಯಕಿ ಎನ್ನಬಹುದೇ? ಹಳೆಯ ಕಾವ್ಯದ ಗೌರವ ಕೆಡಿಸದೆ ಈ ತುದಿಯನ್ನು ಬರೆಯುವ ದಾರಿ ಯಾವುದು?

ಚೌಕಿಮನೆ ಉತ್ತರಿಸುತ್ತಾರೆ:

ನಿಮ್ಮ ಪ್ರಶ್ನೆಯನ್ನು ಓದಿದ ಕೂಡಲೇ ನನಗೆ ನೆನಪಾದದ್ದು ಕಾವ್ಯವಲ್ಲ, ಯಕ್ಷಗಾನದ ರಂಗಸ್ಥಳ. ನಾನು ಹವ್ಯಾಸಿಯಾಗಿ ಹಲವು ವರ್ಷ ಸ್ತ್ರೀವೇಷ ಮಾಡಿದವನು. ಪ್ರಮೀಳೆಯನ್ನೂ ನಾಲ್ಕು ಬಾರಿ ಮಾಡಿದ್ದೇನೆ. ನೀವು ಕಾಗದದ ಮೇಲೆ ಎದುರಿಸುತ್ತಿರುವ ಕಷ್ಟವನ್ನು ನಮ್ಮ ಹಿರಿಯರು ಬೇರೆ ರೀತಿಯಲ್ಲಿ ಎದುರಿಸಿ, ಒಂದು ಮಟ್ಟಿಗೆ ಪರಿಹರಿಸಿಕೊಂಡಿದ್ದಾರೆ.

ಯಕ್ಷಗಾನದಲ್ಲಿ ಗರತಿಯ ವೇಷ ಬೇರೆ, ಕಸೆ ಸ್ತ್ರೀವೇಷ, ಅಂದರೆ ಕಚ್ಚೆ ಬಿಗಿದ ವೀರಸ್ತ್ರೀಯ ವೇಷ, ಬೇರೆ. ಪ್ರಮೀಳೆ, ಶಶಿಪ್ರಭೆ, ಮೀನಾಕ್ಷಿ, ಭ್ರಮರಕುಂತಳೆ ಇವರೆಲ್ಲರೂ ಕಸೆ ವೇಷದವರು. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಸೀರೆಯ ನೆರಿಗೆಯನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ತಂದು ಸೊಂಟದಲ್ಲಿ ಬಿಗಿದ ಮೇಲೆ ಕಲಾವಿದ ಎರಡು ಬಾರಿ ಕುಕ್ಕರಿಸಿ ಎದ್ದು ನೋಡುತ್ತಾನೆ. ಕಚ್ಚೆ ಎಲ್ಲಿಯೂ ಹಿಡಿಯದೆ ಇದ್ದರೆ ಮಾತ್ರ ಬಿಲ್ಲನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಆ ಕ್ಷಣದಿಂದ ನಡಿಗೆ ಬದಲಾಗುತ್ತದೆ. ಆದರೆ ಅದು ಪುಂಡುವೇಷದ, ಅಂದರೆ ಎಳೆಯ ವೀರನ ವೇಷದ, ನಡಿಗೆಯಾಗುವುದಿಲ್ಲ. ಅಭಿಮನ್ಯುವಿನಂತೆ ದಿಗಿಣ ಹೊಡೆದು, ಸುತ್ತುತ್ತಾ ಹಾರಿ, ರಂಗಸ್ಥಳವನ್ನು ತುಂಬಿಸಿಬಿಟ್ಟರೆ ಪ್ರಮೀಳೆ ಹೋಯಿತು ಎಂದು ನನಗೆ ಕಲಿಸಿದವರು ಮತ್ತೆ ಮತ್ತೆ ಹೇಳುತ್ತಿದ್ದರು. ನಿಮ್ಮ ಗೆಳತಿ ಹೇಳಿದ ‘ಸೀರೆಯುಟ್ಟ ಅರ್ಜುನ’ ಎಂಬುದು ನಮ್ಮಲ್ಲಿಯೂ ಬಹಳ ಹಳೆಯ ದೂರು.

ಹಾಗಾದರೆ ಅವಳು ರಾಣಿ ಎಂದು ತೋರುವುದು ಎಲ್ಲಿ? ಯುದ್ಧದಲ್ಲಿ ಅಲ್ಲ, ಒಡ್ಡೋಲಗದಲ್ಲಿ, ಅಂದರೆ ಪಾತ್ರ ರಂಗಕ್ಕೆ ಬಂದು ಸಭೆ ನಡೆಸುವ ಭಾಗದಲ್ಲಿ. ಅವಳು ಬಂದು ಪೀಠವೇರಿದ ಮೇಲೆ ಸಖಿಯರೊಡನೆ ನಡೆಯುವ ಮಾತುಕತೆಯೇ ಆ ಪಾತ್ರದ ಜೀವ. ನಾನು ಮೂರನೆಯ ಬಾರಿ ಪ್ರಮೀಳೆ ಮಾಡಿದಾಗ ಸಖಿಯ ಪಾತ್ರಕ್ಕೆ ಹೊಸ ಹುಡುಗನೊಬ್ಬ ಇದ್ದ. ಅವನಿಗೆ ಅರ್ಥ, ಅಂದರೆ ಪದದ ನಂತರ ಪಾತ್ರವಾಗಿ ಆಡುವ ಮಾತು, ಸರಿಯಾಗಿ ಬಾರದು ಎಂಬ ಅಂಜಿಕೆಯಲ್ಲಿ ಆ ಮಾತುಕತೆಯನ್ನು ಮೊಟಕುಗೊಳಿಸಿ ನೇರವಾಗಿ ಯುದ್ಧಕ್ಕೆ ಹೋದೆವು. ಆ ರಾತ್ರಿ ಚೆಂಡೆ ಎಷ್ಟು ಜೋರಾಗಿ ನುಡಿದರೂ ಪ್ರಮೀಳೆ ಏಳಲಿಲ್ಲ. ಕಾರಣ ಇಷ್ಟೇ: ಅವಳ ಮಾತನ್ನು ಕೇಳುವವರು ಯಾರು, ಅವಳ ಮಾತಿಗೆ ಎದುರಾಡಬಲ್ಲವರು ಯಾರು ಎಂಬುದನ್ನು ನಾವು ಪ್ರೇಕ್ಷಕರಿಗೆ ತೋರಿಸಿಯೇ ಇರಲಿಲ್ಲ. ಮರುವರ್ಷ ಅದೇ ಹುಡುಗನನ್ನು ಕೂರಿಸಿಕೊಂಡು, ಕುದುರೆಯನ್ನು ಕಟ್ಟುವುದು ಬೇಡ ಎಂದು ನೀನು ವಾದಿಸು, ನಿಜವಾಗಿಯೂ ವಾದಿಸು ಎಂದು ಹೇಳಿದೆ. ಅವನು ರಂಗಸ್ಥಳದಲ್ಲಿ, ಕೃಷ್ಣನನ್ನು ಸಾರಥಿಯಾಗಿ ಪಡೆದವನನ್ನು ಕೆಣಕಿ ನಮ್ಮ ಹೆಣ್ಣುಮಕ್ಕಳನ್ನು ಬಲಿಕೊಡಬೇಕೇ ಎಂದು ಕೇಳಿದಾಗ ನನಗೆ ಒಂದು ಕ್ಷಣ ಉತ್ತರ ತೋಚಲಿಲ್ಲ. ಆ ತಡವರಿಕೆಯಲ್ಲಿಯೇ ಪ್ರಮೀಳೆ ಮೊದಲ ಬಾರಿಗೆ ರಾಣಿಯಾದಳು ಎಂದು ನನ್ನ ನಂಬಿಕೆ.

ತಾಳಮದ್ದಳೆಯಲ್ಲಿ ಇದು ಇನ್ನೂ ಸ್ಪಷ್ಟ, ಏಕೆಂದರೆ ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತು ಮಾತ್ರ. ಹೆಂಗಸಿನೊಡನೆ ಯುದ್ಧ ಕ್ಷತ್ರಿಯರಿಗೆ ತಕ್ಕುದಲ್ಲ ಎಂದು ಅರ್ಜುನನ ಅರ್ಥಧಾರಿ ಹೇಳಿದಾಗ, ಕುದುರೆಯ ಹಣೆಯ ಪಟ್ಟದಲ್ಲಿ ಬಲ್ಲಿದರು ಕಟ್ಟಲಿ ಎಂದು ಬರೆದಿದೆಯಲ್ಲವೇ, ಬಲ್ಲಿದ ಗಂಡಸರು ಎಂದು ಎಲ್ಲಿ ಬರೆದಿದೆ ಎಂದು ಪ್ರಮೀಳೆಯ ಅರ್ಥಧಾರಿಯೊಬ್ಬರು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ನಿಮ್ಮ ಎರಡನೆಯ ಪ್ರಶ್ನೆಗೆ ಒಂದು ಮಾತು. ಬಿಲ್ಲು ಇಳಿಸಿದವಳು ಪ್ರಮೀಳೆ ಎಂದು ನೀವು ಬರೆದಿದ್ದೀರಿ. ಕಥೆಯನ್ನು ಇನ್ನೊಮ್ಮೆ ನೋಡಿ. ವರಿಸು ಎಂದು ಮೊದಲು ಕೇಳಿದವಳು ಅವಳು; ಒಲ್ಲೆನೆಂದವನು ಅರ್ಜುನ; ಕೊನೆಗೆ ಒಪ್ಪಿಕೊಂಡವನೂ ಅರ್ಜುನ. ಅಶರೀರವಾಣಿ ಮಾತನಾಡಿದ್ದು ಅವನೊಡನೆ, ಅವಳೊಡನೆ ಅಲ್ಲ. ಯುದ್ಧದ ಲೆಕ್ಕದಲ್ಲಿ ನೋಡಿದರೆ ಕೇಳಿದ್ದನ್ನು ಪಡೆದವಳು ಪ್ರಮೀಳೆಯೇ.

ಶಾಸನಪ್ರಿಯ ಉತ್ತರಿಸುತ್ತಾರೆ:

ಚೌಕಿಮನೆಯವರು ಹೇಳಿದ ಸಭೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಾನು ಬೇರೆ ದಿಕ್ಕಿನಿಂದ ಬರುತ್ತೇನೆ. ವೀರವನಿತೆ ಎಂದ ಕೂಡಲೇ ನಮ್ಮಲ್ಲಿ ಎಲ್ಲರೂ ಚಿತ್ರದುರ್ಗದ ಓಬವ್ವನ ಹೆಸರು ಹೇಳುತ್ತಾರೆ. ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ನಿಂತ ಆ ತಾಯಿಯ ಬಗ್ಗೆ ನನಗಿರುವ ಗೌರವ ಯಾರಿಗಿಂತಲೂ ಕಡಿಮೆಯಲ್ಲ. ಆದರೆ ಓಬವ್ವ ಆ ಹೊತ್ತಿನಲ್ಲಿ ಒಬ್ಬಳೇ ಇದ್ದಳು. ಅವಳು ಯಾರಿಗೂ ಆಜ್ಞೆ ಕೊಡಬೇಕಾಗಿರಲಿಲ್ಲ, ತನ್ನ ತಪ್ಪಿಗೆ ಇನ್ನೊಬ್ಬರು ಸಾಯುತ್ತಾರೆ ಎಂಬ ಭಾರ ಅವಳ ಮೇಲಿರಲಿಲ್ಲ. ನಿಮ್ಮ ಪ್ರಮೀಳೆ ಓಬವ್ವನ ದಾರಿಯಲ್ಲಿ ಬೆಳೆದಿದ್ದಾಳೆ. ಅವಳು ಬೆಳೆಯಬೇಕಾಗಿರುವುದು ಬೇರೆ ಕೆಲವರ ದಾರಿಯಲ್ಲಿ.

ಮೊದಲು ಅಕ್ಕಾದೇವಿಯನ್ನು ನೋಡಿ. ಕಲ್ಯಾಣದ ಚಾಲುಕ್ಯರ ಮನೆಮಗಳು, ಎರಡನೆಯ ಜಯಸಿಂಹನ ಸೋದರಿ. ಸೂಡಿಯ 1010ರ ಶಾಸನದಲ್ಲಿ ಅವಳಿಗೆ ಗುಣದ ಬೆಡಂಗಿ ಎಂಬ ಬಿರುದಿದೆ, ಏಕವಾಕ್ಯೆ ಎಂಬ ಮಾತೂ ಇದೆ. ಅರಸಿಬೀದಿಯ 1047ರ ಶಾಸನದ ಹೊತ್ತಿಗೆ ಅವಳು ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಾಳೆ. ಎರಡು ಶಾಸನಗಳ ನಡುವೆ 37 ವರ್ಷಗಳ ಅಂತರವಿದೆ ಎಂಬುದನ್ನು ಗಮನಿಸಿ. ಮುತ್ತಿಗೆಯ ಬೀಡಿನಲ್ಲಿ ಕೂತಿದ್ದವಳು ಹದಿನೆಂಟರ ಹುಡುಗಿಯಲ್ಲ, ನರೆತ ತಲೆಯ ಹೆಂಗಸು. ಅಷ್ಟು ವರ್ಷ ನಾಡುಗಳನ್ನು ಆಳಿ, ದತ್ತಿ ಬಿಟ್ಟು, ತೆರಿಗೆ ಎತ್ತಿ, ಆಮೇಲೆ ಕೋಟೆಯ ಮುಂದೆ ಬಂದು ಕೂತವಳು. ನಮ್ಮ ಕಲ್ಪನಾಕಥೆಗಳಲ್ಲಿ ವೀರಳಿಗೆ ಯಾವಾಗಲೂ ಇಪ್ಪತ್ತು ವರ್ಷ ಏಕೆ ಎಂದು ನನಗೆ ಬಹಳ ದಿನಗಳಿಂದ ಬೇಸರವಿದೆ. ಏಕವಾಕ್ಯೆ ಎಂಬ ಬಿರುದೂ ನಿಮ್ಮ ಕೆಲಸಕ್ಕೆ ಬರುತ್ತದೆ: ಆಡಿದ ಮಾತನ್ನು ಬದಲಿಸದವಳು. ಅಂಥ ಬಿರುದು ಒಬ್ಬಳಿಗೆ ದಕ್ಕಬೇಕಾದರೆ ಮಾತನ್ನು ಉಳಿಸಿಕೊಳ್ಳುವುದು ಕಷ್ಟವಾದ ಸಂದರ್ಭ ಎಷ್ಟು ಬಾರಿ ಬಂದಿರಬೇಕು ಎಂದು ಯೋಚಿಸಿ.

ಎರಡನೆಯವಳು ಗೇರುಸೊಪ್ಪೆಯ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, 54 ವರ್ಷ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೇಲಿನ ಕಾಳುಮೆಣಸು ಶರಾವತಿಯ ದಂಡೆಗೆ ಬಂದು, ಅಲ್ಲಿಂದ ಕಡಲ ಬಂದರುಗಳಿಗೆ ಇಳಿಯುವ ದಾರಿ ಅವಳ ಕೈಯಲ್ಲಿತ್ತು. ಕಡಲಿನಿಂದ ಬಂದವರು ಅವಳೊಡನೆ ಕಾದಿದ್ದು ಎಷ್ಟು ನಿಜವೋ, ಅವಳೊಡನೆ ಬೆಲೆ ಮಾತಾಡಬೇಕಾಗಿ ಬಂದದ್ದೂ ಅಷ್ಟೇ ನಿಜ. ಕತ್ತಿಗಿಂತ ಗೋದಾಮಿನ ಬೀಗದ ಕೈ ಹೆಚ್ಚು ದಿನ ಅವಳ ರಾಜ್ಯವನ್ನು ಕಾಯಿತು.

ಮೂರನೆಯವಳು ಕೆಳದಿಯ ಚೆನ್ನಮ್ಮಾಜಿ. ಗಂಡ ಸೋಮಶೇಖರ ನಾಯಕನ ನಂತರ ಸುಮಾರು 25 ವರ್ಷ ಬಿದನೂರಿನಿಂದ ಆಳಿದವಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುವಾಗ ಅವಳ ನಾಡಿಗೆ ಬಂದು ಆಶ್ರಯ ಕೇಳಿದ. ಆಶ್ರಯ ಕೊಟ್ಟರೆ ಔರಂಗಜೇಬನ ಸೈನ್ಯ ಬರುತ್ತದೆ ಎಂಬುದು ಬಿದನೂರಿನ ಅರಮನೆಯಲ್ಲಿ ಎಲ್ಲರಿಗೂ ತಿಳಿದಿರಲೇಬೇಕು. ಅವಳು ಆಶ್ರಯ ಕೊಟ್ಟಳು, ಮುಂದಕ್ಕೆ ಸಾಗಿಸಿದಳು, ಸೈನ್ಯ ಬಂತು, ಅವಳ ಜನ ಕಾದಿದರು. ಇಲ್ಲಿ ಕತ್ತಿ ಬೀಸಿದ್ದಕ್ಕಿಂತ ದೊಡ್ಡದು ಆ ಒಂದು ಮಾತು: ಬಾ, ಇರು. ನಿಮ್ಮ ಕಾದಂಬರಿಯಲ್ಲಿ ಅಂಥ ಒಂದು ಮಾತು ಬೇಕು. ಅದನ್ನು ಆಡುವ ಮೊದಲಿನ ರಾತ್ರಿಯೂ ಬೇಕು.

ಈಗ ಪ್ರಮೀಳೆಗೆ ಬನ್ನಿ. ಅಶ್ವಮೇಧದ ಕುದುರೆ ನಾಡಿಗೆ ಬಂದಾಗ ಆ ನಾಡಿನ ಒಡತಿಯ ಮುಂದೆ ಎರಡೇ ದಾರಿಗಳು. ಕುದುರೆಯನ್ನು ಹೋಗಲು ಬಿಟ್ಟರೆ ಹಸ್ತಿನಾವತಿಯ ಅಧೀನತೆಯನ್ನು ಒಪ್ಪಿಕೊಂಡಂತೆ, ಕಪ್ಪ ಹೊತ್ತು ಯಾಗಕ್ಕೆ ಹೋಗಬೇಕು, ಕಟ್ಟಿದರೆ ಯುದ್ಧ. ರಾಮನ ಕುದುರೆಯನ್ನು ಲವ ಉತ್ತರೀಯದಿಂದ ಬಾಳೆಯ ಗಿಡಕ್ಕೆ ಕಟ್ಟಿದ್ದನ್ನು ಇದೇ ಲಕ್ಷ್ಮೀಶ ಎಷ್ಟು ಮುದ್ದಾಗಿ ಹೇಳುತ್ತಾನೆ. ಅದು ಹುಡುಗನ ಛಲ, ಜೊತೆಗಿದ್ದ ಮುನಿಪುತ್ರರು ಬೇಡ ಬೇಡವೆಂದರೂ ಮಾಡಿದ್ದು. ಪ್ರಮೀಳೆ ಕಟ್ಟಿದ್ದು ಹಾಗಲ್ಲ. ಅವಳು ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ನಾಡೇ ಇದೆ.

ಆ ನಾಡನ್ನು ಕಣ್ಣಿಗೆ ಕಾಣುವಂತೆ ಮಾಡಿ. ಗಂಡಸರೇ ಇಲ್ಲದ ನಾಡಿನಲ್ಲಿ ನೇಗಿಲು ಹಿಡಿಯುವವಳು, ಕುಲುಮೆಯಲ್ಲಿ ಬಾಣದ ಮೊನೆ ಬಡಿಯುವವಳು, ಮಾವುತಿ, ಕೆರೆಯ ತೂಬು ಎತ್ತುವವಳು ಎಲ್ಲರೂ ಹೆಂಗಸರು. ಅವಳ ಸೈನ್ಯದಲ್ಲಿ ಆನೆಗಳಿವೆ ಎಂದು ಒಂದು ಸಾಲಿನಲ್ಲಿ ಬರೆದುಬಿಡುವುದು ಸುಲಭ. ಪ್ರಾಯದ ಒಂದು ಆನೆಗೆ ದಿನಕ್ಕೆ 100 ಕಿಲೋಗಿಂತ ಹೆಚ್ಚು ಮೇವು ಬೇಕು. ನೂರು ಆನೆಗಳಿದ್ದರೆ ದಿನಕ್ಕೆ ಹತ್ತು ಟನ್ನು. ಯುದ್ಧ ಹತ್ತು ದಿನ ಮುಂದುವರಿದರೆ ಯಾವ ಊರಿನ ಹುಲ್ಲು ಖಾಲಿಯಾಗುತ್ತದೆ, ಆ ಊರಿನ ಹಿರಿಯಳು ಬಂದು ರಾಣಿಯ ಮುಂದೆ ಏನೆನ್ನುತ್ತಾಳೆ, ರಾಣಿ ಏನು ಉತ್ತರ ಕೊಡುತ್ತಾಳೆ? ನಿಮ್ಮ ಒಂಬತ್ತು ಯುದ್ಧಗಳಲ್ಲಿ ಆರನ್ನು ತೆಗೆದುಹಾಕಿ ಆ ಜಾಗದಲ್ಲಿ ಈ ಹಿರಿಯಳನ್ನು ತನ್ನಿ ಎಂದು ನನ್ನ ಕಳಕಳಿಯ ಸಲಹೆ.

ಬಯಲುಸೀಮೆ ಉತ್ತರಿಸುತ್ತಾರೆ:

ಒಂದು ಚಿಕ್ಕ ಮಾತು ಸೇರಿಸುತ್ತೇನೆ. ಅದೇ ಕಾವ್ಯದಲ್ಲಿ ಪ್ರಮೀಳೆಗೆ ಎದುರಾಗಿ ಇಟ್ಟು ನೋಡಬೇಕಾದವಳು ಮಾಹಿಷ್ಮತಿಯ ಜ್ವಾಲೆ. ಗಂಡ ನೀಲಧ್ವಜ ಕುದುರೆಯನ್ನು ಒಪ್ಪಿಸಿ ಅರ್ಜುನನಿಗೆ ಶರಣಾದಾಗ ಅವಳು ಒಪ್ಪಲಿಲ್ಲ. ತಮ್ಮನ ಬಳಿಗೆ ಹೋದಳು, ಅವನೂ ಕೇಳಲಿಲ್ಲ. ಕೊನೆಗೆ ಗಂಗೆಯಿಂದ ಅರ್ಜುನನಿಗೆ ಶಾಪ ಕೊಡಿಸಿ, ತಾನು ಬೆಂಕಿಗೆ ಬಿದ್ದು, ಬಭ್ರುವಾಹನನ ಬತ್ತಳಿಕೆಯಲ್ಲಿ ಬಾಣವಾಗಿ ಸೇರಿದಳು. ಪ್ರಮೀಳೆಯಷ್ಟೇ ಕೆಚ್ಚು ಜ್ವಾಲೆಗೂ ಇತ್ತು, ಹೆಚ್ಚೇ ಇತ್ತು. ಇಲ್ಲದೆ ಇದ್ದದ್ದು ಅವಳ ಮಾತಿಗೆ ಎದ್ದು ನಿಲ್ಲುವ ಜನ. ಹಿಂದೆ ಒಬ್ಬರೂ ಬಾರದಿದ್ದ ಕಾರಣ ಅವಳು ಇನ್ನೊಬ್ಬರ ಕೈಯ ಬಾಣವಾಗಬೇಕಾಯಿತು. ನಿಮ್ಮ ಮೂರು ಸಂಪುಟಗಳಲ್ಲಿ ಎಲ್ಲಿಯಾದರೂ ಇವರಿಬ್ಬರೂ ಭೇಟಿಯಾಗುವಂತೆ ಮಾಡಲು ಸಾಧ್ಯವೇ? ಕುದುರೆ ಮಾಹಿಷ್ಮತಿಗೆ ಬಂದದ್ದು ಸ್ತ್ರೀರಾಜ್ಯಕ್ಕಿಂತ ಮೊದಲು. ಜ್ವಾಲೆ ತಮ್ಮನ ಊರಿನಿಂದ ಗಂಗೆಯ ಕಡೆಗೆ ನಡೆಯುವ ದಾರಿ ನಿಮ್ಮ ಕೈಯಲ್ಲಿದೆ.

ಕಡಲಾಚೆಯವ ಉತ್ತರಿಸುತ್ತಾರೆ:

ನಾನು ಹನ್ನೆರಡು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ; ಇಲ್ಲಿಯ ಕಲ್ಪನಾಕಥಾನಕಗಳನ್ನು ಓದುವ ಹವ್ಯಾಸವಿದೆ. ಶಾಸನಪ್ರಿಯರ ಮಾತನ್ನು ಓದುವಾಗ ಟೋಲ್ಕಿನ್ನರ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯ ಎಯೋವಿನ್ ನೆನಪಾದಳು. 1954 ಮತ್ತು 1955ರಲ್ಲಿ ಬಂದ ಆ ಕಥೆಯಲ್ಲಿ ಎಲ್ಲರೂ ನೆನೆಯುವುದು ಅವಳು ಗಂಡುವೇಷದಲ್ಲಿ ಯುದ್ಧಭೂಮಿಗೆ ಬಂದು, ಯಾವ ಗಂಡಸಿನಿಂದಲೂ ಸಾವಿಲ್ಲವೆಂದು ಬೀಗುತ್ತಿದ್ದ ಮಾಂತ್ರಿಕ ಅರಸನನ್ನು ಕೊಂದದ್ದನ್ನು. ಮಹಿಷಾಸುರನ ಕಥೆ ಕೇಳಿ ಬೆಳೆದ ನಮಗೆ ಆ ವರದ ಸಂದು ಚೆನ್ನಾಗಿಯೇ ಗೊತ್ತು.

ಆದರೆ ನನ್ನನ್ನು ಕಾಡುವುದು ಅದಕ್ಕಿಂತ ಮೊದಲಿನ ಒಂದು ಚಿಕ್ಕ ಘಟನೆ. ರೋಹನ್ನಿನ ಅರಸ ಥಿಯೋಡೆನ್ ಯುದ್ಧಕ್ಕೆ ಹೊರಡುವಾಗ, ನಾನು ಇಲ್ಲದಾಗ ನನ್ನ ಜನರನ್ನು ಯಾರು ನೋಡಿಕೊಳ್ಳಬೇಕು ಎಂದು ಕೇಳುತ್ತಾನೆ. ಜನರು ನಂಬುವುದು ಅರಸನ ಮನೆತನವನ್ನು ಎಂದು ಬಾಗಿಲ ಕಾವಲಿನ ಹಾಮಾ ಹೇಳುತ್ತಾನೆ. ಅರಸನಿಗೆ ತನ್ನ ಸೋದರಳಿಯ ಮಾತ್ರ ನೆನಪಾಗುತ್ತಾನೆ. ಅವನನ್ನು ಬಿಟ್ಟುಹೋಗಲು ಆಗದು, ಆ ಮನೆತನದಲ್ಲಿ ಅವನೇ ಕೊನೆಯವನು ಎನ್ನುತ್ತಾನೆ. ಅವನು ಕೊನೆಯವನಲ್ಲ, ಅವನ ತಂಗಿ ಎಯೋವಿನ್ ಇದ್ದಾಳೆ, ಜನರಿಗೆ ಅವಳ ಮೇಲೆ ಪ್ರೀತಿಯಿದೆ ಎಂದು ನೆನಪಿಸುವವನು ಆ ಕಾವಲುಗಾರನೇ. ಅರಸ ಒಪ್ಪುತ್ತಾನೆ, ಅವಳಿಗೆ ಕತ್ತಿಯನ್ನೂ ಕವಚವನ್ನೂ ಕೊಟ್ಟು ಹೊರಡುತ್ತಾನೆ. ಅಲ್ಲಿಗೆ ಅವಳು ನಾಯಕಿಯಾದಳು, ಜನರೇ ಬಯಸಿದ ನಾಯಕಿ.

ಆ ಪಟ್ಟ ಅವಳಿಗೆ ಪಂಜರದಂತೆ ಕಂಡಿತು. ಗಂಡಸರೆಲ್ಲ ಹೊರಟ ಮೇಲೆ ಉಳಿದದ್ದನ್ನು ನೋಡಿಕೊಳ್ಳುವ ಕೆಲಸ ಯಾವಾಗಲೂ ಹೆಂಗಸಿಗೇ ಏಕೆ ಎಂಬ ಅವಳ ಸಂಕಟ ಸುಳ್ಳಲ್ಲ. ನಿನ್ನ ಕರ್ತವ್ಯ ನಿನ್ನ ಜನರೊಡನೆ ಎಂದು ಆ ಕಥೆಯ ವೀರ ಅರಗಾರ್ನ್ ಹೇಳಿದಾಗ ಆ ಮಾತು ನ್ಯಾಯವಾದದ್ದೂ ಹೌದು, ಕ್ರೂರವಾದದ್ದೂ ಹೌದು. ಅವಳು ಹೆಸರು ಬದಲಿಸಿಕೊಂಡು ಸೈನ್ಯದೊಡನೆ ಹೊರಟುಬಿಟ್ಟಳು. ಅವಳು ಬಿಟ್ಟುಹೋದ ಆ ಜನರನ್ನು ಆಮೇಲೆ ಯಾರು ನೋಡಿಕೊಂಡರು ಎಂಬುದರ ಮೇಲೆ ಕಥೆ ಹೆಚ್ಚು ನಿಲ್ಲುವುದಿಲ್ಲ. ಅವಳು ವೀರಳಾದದ್ದು ನಾಯಕಿಯ ಸ್ಥಾನವನ್ನು ತೊರೆದಾಗ. ಅದಕ್ಕಾಗಿ ಅವಳನ್ನು ಹಳಿಯಲು ನನಗೆ ಮನಸ್ಸು ಬರುವುದಿಲ್ಲ. ಆ ವಯಸ್ಸಿನಲ್ಲಿ, ಆ ಉಸಿರುಗಟ್ಟುವ ಮನೆಯಲ್ಲಿ ನಾನಿದ್ದರೂ ಕುದುರೆ ಏರುತ್ತಿದ್ದೆ. ಆದರೆ ಎರಡು ಬೇರೆ ಬೇರೆ ಗುಣಗಳನ್ನು ಒಂದೇ ಎಂದು ತಿಳಿಯುವ ನಮ್ಮ ಅಭ್ಯಾಸವನ್ನು ಬಿಡಿಸಲು ಈ ಕಥೆಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಮಲೆನಾಡ ಓದುಗಿಯವರು ಇದನ್ನು ತಮ್ಮ ಪ್ರಮೀಳೆಯ ಪಕ್ಕದಲ್ಲಿ ಇಟ್ಟು ನೋಡಲಿ.

ಚೌಕಿಮನೆ ಮತ್ತೆ ಬರೆಯುತ್ತಾರೆ:

ಕಡಲಾಚೆಯವರ ಕೊನೆಯ ಮಾತು ನನ್ನನ್ನು ರಾತ್ರಿಯೆಲ್ಲ ಎಚ್ಚರವಿರಿಸಿತು. ನಾಲ್ಕು ಬಾರಿ ಪ್ರಮೀಳೆಯ ವೇಷ ಕಟ್ಟಿದ್ದೇನೆ, ನಾಲ್ಕು ಬಾರಿಯೂ ಹಸ್ತಿನಾವತಿಗೆ ಹೊರಟಿದ್ದೇನೆ, ಭಾಗವತರು ಪದ ಮುಗಿಸಿದ್ದಾರೆ, ನಾನು ಚೌಕಿಗೆ ಬಂದು ಕಸೆ ಬಿಚ್ಚಿದ್ದೇನೆ. ಒಂದು ಬಾರಿಯೂ ನನ್ನ ಸಖಿಯನ್ನು ತಿರುಗಿ ನೋಡಿ, ಇನ್ನು ಮುಂದೆ ಪೀಠದ ಮೇಲೆ ಯಾರು ಕೂರುತ್ತಾರೆ ಎಂದು ಕೇಳಿಲ್ಲ. ಅವಳು ಕೇಳಿದ್ದನ್ನು ಪಡೆದಳು ಎಂದು ಮೊದಲ ಉತ್ತರದಲ್ಲಿ ಬರೆದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅದು ಅರ್ಧ ಮಾತು. ಪ್ರಮೀಳೆ ಗೆದ್ದಳು, ಸ್ತ್ರೀರಾಜ್ಯ ಏನಾಯಿತು? ಗಂಡಸು ಹೆಚ್ಚು ದಿನ ಉಳಿದರೆ ಬದುಕುವುದಿಲ್ಲ ಎಂಬ ಆ ನಾಡಿಗೆ ಅರ್ಜುನ ಬಂದು ನೆಲಸುವಂತಿರಲಿಲ್ಲ; ಹೋಗಬೇಕಾದವಳು ಅವಳೇ ಆದಳು. ಮದುವೆಯಾದ ಹೆಣ್ಣು ಮನೆ ಬಿಟ್ಟು ಹೋಗುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಇಲ್ಲಿ ಬಿಟ್ಟುಹೋಗುತ್ತಿರುವುದು ಮನೆಯನ್ನಲ್ಲ, ಸಿಂಹಾಸನವನ್ನು ಎಂದು ನಮಗೆ ಹೊಳೆಯುವುದೇ ಇಲ್ಲ.

ಮಲೆನಾಡ ಓದುಗಿ ಮತ್ತೆ ಬರೆಯುತ್ತಾರೆ:

ನಿಮ್ಮೆಲ್ಲರಿಗೂ ನಾನು ಋಣಿ. ಮೂರು ದಿನಗಳಿಂದ ಕರಡನ್ನು ತೆರೆದು ಕೂತಿದ್ದೇನೆ. ಶಾಸನಪ್ರಿಯರು ಹೇಳಿದಂತೆ ಆರು ಯುದ್ಧಗಳನ್ನು ತೆಗೆದಿದ್ದೇನೆ. ತೆಗೆಯುವಾಗ ಕೈ ನಡುಗಿತು, ಏಕೆಂದರೆ ಅವುಗಳಲ್ಲಿ ಎರಡು ನನಗೆ ಬಹಳ ಇಷ್ಟವಾಗಿದ್ದವು. ಪ್ರಮೀಳೆಯ ವಯಸ್ಸನ್ನು 22ರಿಂದ 41ಕ್ಕೆ ಏರಿಸಿದ್ದೇನೆ. ವಯಸ್ಸು ಬದಲಾದ ಕೂಡಲೇ ಅವಳ ಮಾತೇ ಬದಲಾಯಿತು: ಮೊದಲು ಅವಳು ಘೋಷಣೆ ಮಾಡುತ್ತಿದ್ದಳು, ಈಗ ಪ್ರಶ್ನೆ ಕೇಳುತ್ತಾಳೆ. ಹುಲ್ಲು ಖಾಲಿಯಾದ ಊರಿನ ಹಿರಿಯಳಿಗೆ ಒಂದು ಇಡೀ ಅಧ್ಯಾಯ ಸಿಕ್ಕಿದೆ. ಅವಳು ರಾಣಿಗೆ ನಮಸ್ಕಾರ ಮಾಡದೆ, ತನ್ನ ಮಡಿಲಿನಿಂದ ಒಣಗಿದ ಒಂದು ಹಿಡಿ ಹುಲ್ಲನ್ನು ತೆಗೆದು ಪೀಠದ ಮೆಟ್ಟಿಲ ಮೇಲೆ ಇಡುತ್ತಾಳೆ.

ಬಯಲುಸೀಮೆಯವರೇ, ಜ್ವಾಲೆ ಖಂಡಿತ ಬರುತ್ತಾಳೆ, ಆದರೆ ರಾಣಿಯಾಗಿ ಅಲ್ಲ. ಗಂಗೆಯ ಕಡೆಗೆ ಹೋಗುವ ದಾರಿಯಲ್ಲಿ ಸ್ತ್ರೀರಾಜ್ಯದ ಗಡಿಯ ಅರವಟ್ಟಿಗೆಯೊಂದರಲ್ಲಿ ನೀರು ಕೇಳುವ ಅಪರಿಚಿತೆಯಾಗಿ ಬರುತ್ತಾಳೆ. ಕುದುರೆಯೊಂದು ಈ ಕಡೆ ಬರುತ್ತದೆ ಎಂಬ ಸುದ್ದಿ ಪ್ರಮೀಳೆಗೆ ಮೊದಲು ತಲುಪುವುದು ಅವಳ ಬಾಯಿಂದಲೇ. ನೀರು ಕೊಟ್ಟ ಹುಡುಗಿಗೆ ಅವಳು, ನಿಮ್ಮ ರಾಣಿ ಹೇಳಿದರೆ ಎಷ್ಟು ಜನ ಏಳುತ್ತಾರೆ ಎಂದು ಕೇಳುತ್ತಾಳೆ. ಹುಡುಗಿ, ಏಕೆ ಏಳಬೇಕು ಎಂದು ಮೊದಲು ಕೇಳುತ್ತೇವೆ, ಆಮೇಲೆ ಎಲ್ಲರೂ ಏಳುತ್ತೇವೆ ಎನ್ನುತ್ತಾಳೆ. ಜ್ವಾಲೆ ನೀರನ್ನು ಪೂರ್ತಿ ಕುಡಿಯದೆ ಎದ್ದು ಹೋಗುತ್ತಾಳೆ.

ಚೌಕಿಮನೆಯವರ ಕೊನೆಯ ಪ್ರಶ್ನೆಯಿಂದಾಗಿ ಮೊದಲ ಸಂಪುಟದ ತುದಿಯನ್ನು ಪೂರ್ತಿ ಬದಲಿಸಿದ್ದೇನೆ. ಅಶರೀರವಾಣಿಯನ್ನು ತೆಗೆದಿಲ್ಲ, ಲಕ್ಷ್ಮೀಶ ಇಟ್ಟದ್ದನ್ನು ತೆಗೆಯುವ ಧೈರ್ಯವೂ ಇಲ್ಲ, ಅಗತ್ಯವೂ ಇಲ್ಲ. ಆದರೆ ಆ ವಾಣಿ ಮುಗಿದ ಮೇಲೆ ಪ್ರಮೀಳೆ ಅರ್ಜುನನಿಗೆ ಉತ್ತರ ಕೊಡುವ ಮೊದಲು ಒಂದು ರಾತ್ರಿಯ ಅವಕಾಶ ಕೇಳುತ್ತಾಳೆ. ಆ ರಾತ್ರಿ ಸಭೆ ಸೇರುತ್ತದೆ: ಮಾವುತಿ, ಕುಲುಮೆಯವಳು, ತೂಬಿನವಳು, ಹುಲ್ಲಿನ ಹಿರಿಯಳು, ಕುದುರೆ ಕಟ್ಟಬೇಡವೆಂದು ಮೊದಲ ದಿನವೇ ವಾದಿಸಿದ ಸಖಿ. ತಾನು ಹೋಗಬೇಕೇ ಎಂದು ಪ್ರಮೀಳೆ ಅವರನ್ನು ಕೇಳುವುದಿಲ್ಲ. ಅದನ್ನು ಅವಳು ಆಗಲೇ ತೀರ್ಮಾನಿಸಿದ್ದಾಳೆ. ತಾನು ಹೋದರೆ ಯಾರ ಮಾತಿಗೆ ನೀವು ಏಳುತ್ತೀರಿ ಎಂದು ಕೇಳುತ್ತಾಳೆ. ಬಹಳ ಹೊತ್ತು ಯಾರೂ ಮಾತನಾಡುವುದಿಲ್ಲ.

ಆಮೇಲೆ ಹುಲ್ಲಿನ ಹಿರಿಯಳು ಎದ್ದು ಸಖಿಯ ಕಡೆಗೆ ಕೈ ತೋರಿಸುತ್ತಾಳೆ. ಸಖಿ ತಲೆಯಲ್ಲಾಡಿಸುತ್ತಾಳೆ, ನಾನು ಯುದ್ಧ ಬೇಡವೆಂದವಳು ಎನ್ನುತ್ತಾಳೆ. ಅದಕ್ಕೇ ಎಂದು ಹಿರಿಯಳು ಹೇಳುತ್ತಾಳೆ. ಬೆಳಗಾಗುವ ಹೊತ್ತಿಗೆ ಪ್ರಮೀಳೆ ಲಾಯಕ್ಕೆ ಹೋಗಿ ಯಾಗದ ಕುದುರೆಯ ಹಗ್ಗವನ್ನು ತಾನೇ ಬಿಚ್ಚಿ, ಸುತ್ತಿ, ಸಖಿಯ ಕೈಗೆ ಕೊಡುತ್ತಾಳೆ. ಆ ಅಧ್ಯಾಯವನ್ನು ನಿನ್ನೆ ರಾತ್ರಿ ಮುಗಿಸಿದೆ. ಹಗ್ಗ ಇನ್ನೂ ಇಬ್ಬನಿಯಿಂದ ಒದ್ದೆಯಾಗಿದೆ, ಸಖಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ.